ಮೂಗಿಲ್ಲದ ಲಾರಿ

ಮುಖಕ್ಕೆ ಮೂಗು ಲಕ್ಷಣವೆಂಬುದು ನಮ್ಮ ಜನರಲ್ಲಿ ಬಹು ಹಿಂದಿನಿಂದ ಬಂದಿರುವ ಅಭಿಪ್ರಾಯ. ಹೆಣ್ಣು ನೋಡಹೋದವರು ಮನೆಗೆ ಹಿಂದಿರುಗಿದ ಮೇಲೆ ಬಣ್ಣದ ಮಾತು ಮುಗಿದೊಡನೆ ಎತ್ತುವುದು ಮೂಗಿನ ಮಾತನ್ನೇ. ಶೂರ್ಪನಖಿಗೆ ಒದಗಿದ ಶಿಕ್ಷೆಯೂ ಆ ಅಂಗಕ್ಕೇ ಸಂಬಂಧಪಟ್ಟದ್ದು. ಹೀಗಿರುವಲ್ಲಿ, ನಮ್ಮ ಹೆದ್ದಾರಿಯಲ್ಲಿ ಹಗಲಿರುಳೂ ಓಡಾಡುವ ಲಾರಿಗಳು ನಮ್ಮ ಕಣ್ಣೆದುರಿಗೇ ಒಂದೊಂದಾಗಿ ಮೂಗು ಕಳೆದುಕೊಂಡದ್ದನ್ನು ಯಾರೂ ಗಮನಿಸದೆ ಹೋದದ್ದು ನನಗೆ ಸೋಜಿಗವಾಗಿ ತೋರುತ್ತದೆ. ಲಾರಿಯ ವಿಷಯವು ಸಾಹಿತ್ಯಪತ್ರಿಕೆಗೆ ತಕ್ಕದ್ದೇ ಎಂದು ಕೆಲವರು ಕೇಳಬಹುದು. ನಮ್ಮ ಸೀಮೆಯ ಕಡಲೆಕಾಯಿ, ಹುಣಸೆಹಣ್ಣು, ರಾಗಿ ಇವೆಲ್ಲವೂ ಅದರ ಬೆನ್ನಮೇಲೆಯೇ ಊರು ಬಿಡುತ್ತವೆ. ಈ ಪತ್ರಿಕೆಯ ಕಾಗದವೂ ಅದರ ಬೆನ್ನಮೇಲೆಯೇ ಊರಿಗೆ ಬರುತ್ತದೆ. ಇಷ್ಟು ಹೊತ್ತವನ ಮುಖವನ್ನು ಒಮ್ಮೆ ನಿಂತು ನೋಡುವುದರಲ್ಲಿ ತಪ್ಪೇನೂ ಇಲ್ಲವೆಂದು ನಾನು ಭಾವಿಸುತ್ತೇನೆ.

ನಮ್ಮ ಗೌಡಗೆರೆ ಶಿರಾ ತಾಲ್ಲೂಕಿನ ಒಂದು ಹೋಬಳಿಯ ಊರು. ಮಳೆ ಕಡಮೆಯ ಸೀಮೆ. ಶಿರಾ ಪಟ್ಟಣದ ಪಕ್ಕದಲ್ಲಿ ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯಿದೆ. ಹಿಂದೆ ಅದಕ್ಕೆ 4ನೆಯ ನಂಬರು, ಈಗ 48. ಮಳೆ ಬಾರದ ವರ್ಷಗಳಲ್ಲಿ ಹೊಲವನ್ನು ನಂಬಿದ್ದ ನಮ್ಮ ಜನ ಆ ಹೆದ್ದಾರಿಯನ್ನು ನಂಬಿದರು. ಕೆಲವರು ಅದರ ಬದಿಯಲ್ಲಿ ಹೋಟೆಲು ಹಾಕಿದರು, ಕೆಲವರು ಪಂಕ್ಚರು ತಿದ್ದುವ ಅಂಗಡಿ ಇಟ್ಟರು, ಮತ್ತೆ ಕೆಲವರು ಕ್ಲೀನರುಗಳಾಗಿ ಲಾರಿ ಹತ್ತಿ ಡ್ರೈವರುಗಳಾಗಿ ಇಳಿದರು. ಈ ಮೂರನೆಯ ವರ್ಗಕ್ಕೆ ಸೇರಿದವರು ನನ್ನ ಸೋದರಮಾವ. ಅವರು 1960ರ ದಶಕದಲ್ಲಿ ಪಾವಗಡದ ಕಡಲೆಕಾಯಿಯನ್ನು ಚಳ್ಳಕೆರೆಯ ಎಣ್ಣೆಗಿರಣಿಗಳಿಗೂ, ಮಧುಗಿರಿಯ ಹುಣಸೆಹಣ್ಣನ್ನು ಹಿಂದೂಪುರದ ಮಂಡಿಗೂ ಸಾಗಿಸುತ್ತಿದ್ದರು. ಆಗಿನ ಅವರ ಲಾರಿಗೆ ಅಚ್ಚುಕಟ್ಟಾದ, ಉದ್ದವಾದ, ಗಂಭೀರವಾದ ಮೂಗು ಇತ್ತು.

ಲಾರಿಯ ಮೂಗೆಂದರೆ ಎಂಜಿನ್ನನ್ನು ಮುಚ್ಚಿರುವ ಬಾನೆಟ್ಟು. ಡ್ರೈವರು ಎಂಜಿನ್ನಿನ ಹಿಂದೆ ಕುಳಿತರೆ ಲಾರಿಗೆ ಮೂಗಿರುತ್ತದೆ. ಎಂಜಿನ್ನಿನ ಮೇಲೆಯೇ ಕುಳಿತರೆ ಮೂಗಿರುವುದಿಲ್ಲ. ಇವೆರಡರ ನಡುವೆ ಎಂಜಿನ್ನು ಅರ್ಧ ಹೊರಗೆ, ಅರ್ಧ ಡ್ರೈವರಿನ ಪಕ್ಕಕ್ಕೆ ಒಳಗೆ ನುಗ್ಗಿರುವ ಮೊಂಡುಮೂಗಿನ ಜಾತಿಯೊಂದುಂಟು. ನಮ್ಮ ಡ್ರೈವರುಗಳು ಈ ಮೊಂಡುಮೂಗನ್ನು ‘ಎಸ್.ಇ.’ ಎಂದೂ, ಮೂಗಿಲ್ಲದ್ದನ್ನು ‘ಎಲ್.ಪಿ.ಟಿ.’ ಎಂದೂ ಕಂಪನಿಯ ಅಕ್ಷರಗಳಲ್ಲಿಯೇ ಕರೆಯುತ್ತ ಬಂದಿದ್ದಾರೆ. ಮೂಗಿದ್ದರೆ ಎಂಜಿನ್ನಿನ ಬಿಸಿಯೂ ಸದ್ದೂ ಡ್ರೈವರಿನಿಂದ ದೂರ. ಬಾನೆಟ್ಟನ್ನು ಎತ್ತಿ ನೆಲದ ಮೇಲೆ ನಿಂತೇ ರಿಪೇರಿ ಮಾಡಬಹುದು. ಎದುರಿನಿಂದ ಏನಾದರೂ ಬಂದು ಹೊಡೆದರೆ ಮೊದಲ ಪೆಟ್ಟನ್ನು ಮೂಗು ತಿನ್ನುತ್ತದೆ. ಮೂಗಿಲ್ಲದಿದ್ದರೆ ರಸ್ತೆ ಪಾದದ ಕೆಳಗಿನಿಂದಲೇ ಕಾಣುತ್ತದೆ. ಇಕ್ಕಟ್ಟಾದ ತಿರುವಿನಲ್ಲಿ ಬಂಡಿ ಸುಲಭವಾಗಿ ಹೊರಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಷ್ಟೇ ಉದ್ದದ ಲಾರಿಯಲ್ಲಿ ಸರಕು ತುಂಬುವ ಬಾಡಿ ಉದ್ದವಾಗುತ್ತದೆ. ಮೂಗಿಗೆ ಒಂದೂವರೆ ಮೀಟರು ಬಿಟ್ಟುಕೊಡುವ ಯಜಮಾನನು ಪ್ರತಿ ಟ್ರಿಪ್ಪಿನಲ್ಲಿಯೂ ಒಂದೂವರೆ ಮೀಟರಿನಷ್ಟು ಚೀಲಗಳನ್ನು ಬಿಟ್ಟುಕೊಟ್ಟಂತೆ. ಲೋಕದ ಲಾರಿಗಳ ಮುಖಲಕ್ಷಣವೆಲ್ಲ ಈ ಒಂದು ಲೆಕ್ಕದ ಸುತ್ತ ತಿರುಗುತ್ತದೆ.

ನಮ್ಮ ದೇಶಕ್ಕೆ ಲಾರಿ ಬಂದದ್ದು ಪರದೇಶದಿಂದ ಎಂಬುದನ್ನು ಹೇಳಬೇಕಾಗಿಯೇ ಇಲ್ಲ. ಅಮೆರಿಕಾದ ಜನರಲ್ ಮೋಟಾರ್ಸ್ ಕಂಪನಿಯವರು 1928ರಲ್ಲಿ ಮುಂಬಯಿಯಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿದರು. ಆ ಕಾಲದ ಲಾರಿಗಳೆಲ್ಲ ಮೂಗಿನವು. ಇದನ್ನು ಇಲ್ಲಿಯೇ ಏಕೆ ಮಾಡಬಾರದೆಂದು ಯೋಚಿಸಿದ ಮೊದಲಿಗರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. ಅವರು 1935ರಲ್ಲಿ ಯೂರೋಪು ಅಮೆರಿಕಾಗಳಿಗೆ ಹೋಗಿ ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಒಂದು ಯೋಜನೆಯನ್ನು ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸುವ ಮಾತು ಬಂದಾಗ ಮೈಸೂರು ಸರ್ಕಾರವೂ ನೆರವಾಗಲು ಮುಂದಾಯಿತು. ಆದರೆ ಆಗಿನ ಹಿಂದೂಸ್ಥಾನ ಸರ್ಕಾರ ಬೆಂಬಲ ಕೊಡಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದರೂ ಮೈಸೂರು ಸರ್ಕಾರವೂ ಕೂಡಿ ಬೆಂಗಳೂರಿನಲ್ಲಿ ಆರಂಭಿಸಿದ್ದು ವಿಮಾನದ ಕಾರ್ಖಾನೆಯನ್ನು. ಹೀಗೆ ನಮ್ಮ ಸಂಸ್ಥಾನ ಲಾರಿಯನ್ನು ಮಾಡುವುದಕ್ಕೆ ಮೊದಲೇ ವಿಮಾನವನ್ನು ಮಾಡಹೊರಟಿತು. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಅಭಾವ ಬಂದು, ಬೆನ್ನಿಗೆ ಇದ್ದಿಲ ಒಲೆಯನ್ನು ಕಟ್ಟಿಕೊಂಡು ಏದುಸಿರು ಬಿಡುತ್ತ ದಿಣ್ಣೆ ಹತ್ತುತ್ತಿದ್ದ ಬಸ್ಸುಗಳ ಕಥೆಯನ್ನು ನಮ್ಮ ತಂದೆಯವರು ಹೇಳುತ್ತಿದ್ದರು. ದಿಣ್ಣೆ ಬಂದರೆ ಗಂಡಸರೆಲ್ಲರೂ ಇಳಿದು ನಡೆಯಬೇಕಾಗಿತ್ತಂತೆ.

ಸ್ವಾತಂತ್ರ್ಯ ಬಂದ ಮೇಲೆ, 1954ರಲ್ಲಿ, ಟಾಟಾ ಕಂಪನಿಯವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿದರು. ಒಪ್ಪಂದ 1969ರಲ್ಲಿ ಮುಗಿಯಿತು. ಮುಂಭಾಗದ ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂತು. ಆದರೂ ನಮ್ಮ ಸೀಮೆಯಲ್ಲಿ ಬಹುಕಾಲ ಅದನ್ನು ಬೆಂಜ್ ಲಾರಿಯೆಂದೇ ಕರೆಯುತ್ತಿದ್ದರು. ಮಾವನವರು ಓಡಿಸಿದ್ದು ಇಂಥದೇ ಒಂದನ್ನು. ಅದರ ಮೂಗಿಗೆ ಪ್ರತಿ ಆಯುಧಪೂಜೆಯಲ್ಲಿ ವಿಭೂತಿ ಬಳಿದು, ಕುಂಕುಮವಿಟ್ಟು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯುತ್ತಿದ್ದರು. ಕುಂಕುಮವಿಡಲು ಅಲ್ಲಿ ಹಣೆಯೂ ಮೂಗೂ ಇದ್ದವು.

ಮುಂದೆ ಯಜಮಾನರು ಮೊಂಡುಮೂಗಿನ ಹೊಸ ಲಾರಿಯನ್ನು ಕೊಂಡರು. ಆಗ ಮಾವನವರ ಕಷ್ಟ ಆರಂಭವಾಯಿತು. ನಮ್ಮ ದೇಶದಲ್ಲಿ ಡ್ರೈವರು ಬಲಗಡೆ ಕೂರುವುದರಿಂದ, ಒಳಗೆ ನುಗ್ಗಿದ ಎಂಜಿನ್ನು ಅವನ ಎಡಗಾಲಿಗೆ ತಗುಲಿಕೊಂಡಂತೆ ಇರುತ್ತದೆ. ಮೇಲೆ ಒಂದು ತಗಡಿನ ಮುಚ್ಚಳ, ಮುಚ್ಚಳದ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಕ್ಲೀನರು ಹುಡುಗ. ಏಪ್ರಿಲ್ ತಿಂಗಳ ಮಧ್ಯಾಹ್ನ ಹಿರಿಯೂರಿನ ಕಡೆಯ ಬಯಲಿನಲ್ಲಿ ಲೋಡು ತುಂಬಿದ ಲಾರಿ ಹೊರಟಿತೆಂದರೆ ಹೊರಗೆ ಬಿಸಿಲು, ಒಳಗೆ ಒಲೆ. ಮಾವನವರ ಎಡಗಾಲಿನ ಮೀನಖಂಡದ ಚರ್ಮ ಕಪ್ಪಾಗಿ, ಕೂದಲುದುರಿ, ಹಳೆಯ ಚಕ್ಕಳದಂತೆ ಆಗಿಹೋಗಿತ್ತು. ಹಬ್ಬದ ದಿನ ಎಣ್ಣೆನೀರು ಹಾಕುವಾಗ ನಮ್ಮ ಅಜ್ಜಿ ಆ ಕಾಲನ್ನು ತಿಕ್ಕುತ್ತ ಏನೂ ಮಾತನಾಡುತ್ತಿರಲಿಲ್ಲ. ಬಲಗಾಲು ಮಾತ್ರ ಮಗನ ಕಾಲಿನಂತೆಯೇ ಇತ್ತು.

ನಾನು ಮಧುಗಿರಿಯಲ್ಲಿ ಉಪಾಧ್ಯಾಯನಾಗಿದ್ದ ಕಾಲದಲ್ಲಿ ಹೆದ್ದಾರಿಯ ಲಾರಿಗಳು ಒಂದೊಂದಾಗಿ ಪೂರ್ಣವಾಗಿ ಮೂಗು ಕಳೆದುಕೊಳ್ಳತೊಡಗಿದವು. ಇದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂಬುದನ್ನು ವಿಚಾರಿಸುವುದಕ್ಕೆ ಮೊದಲು ಪರದೇಶಗಳಲ್ಲಿ ನಡೆದದ್ದನ್ನು ಸ್ವಲ್ಪ ನೋಡಬೇಕು. ಏಕೆಂದರೆ ಒಂದೇ ಪ್ರಶ್ನೆಗೆ ಯೂರೋಪು ಒಂದು ಉತ್ತರ ಕೊಟ್ಟಿತು, ಅಮೆರಿಕಾ ಇನ್ನೊಂದು ಉತ್ತರ ಕೊಟ್ಟಿತು. ಎರಡನ್ನೂ ಬರೆಸಿದ್ದು ಎಂಜಿನಿಯರುಗಳಿಗಿಂತ ಹೆಚ್ಚಾಗಿ ಕಾಯಿದೆ.

ಅಮೆರಿಕಾದ ಸಂಸ್ಥಾನಗಳು ಒಂದು ಕಾಲದಲ್ಲಿ ಲಾರಿ ಮತ್ತು ಟ್ರೇಲರು ಎರಡೂ ಸೇರಿ ಇಷ್ಟೇ ಉದ್ದವಿರಬೇಕೆಂದು ಕಟ್ಟುಮಾಡಿದ್ದವು. ಒಟ್ಟು ಉದ್ದ ಗೊತ್ತಾದಮೇಲೆ ಮೂಗು ಮೊಟಕಾದಷ್ಟೂ ಸರಕಿಗೆ ಜಾಗ ಹೆಚ್ಚು. ಆದುದರಿಂದ ಅಲ್ಲಿಯೂ ಮೂಗಿಲ್ಲದ ಲಾರಿಗಳು ಬಹಳ ಬಳಕೆಗೆ ಬಂದವು. ಕನ್ಸಾಲಿಡೇಟೆಡ್ ಫ್ರೈಟ್‌ವೇಸ್ ಎಂಬ ಸಾಗಣೆಯ ಕಂಪನಿಯಂತೂ ಹಗುರವಾದ ಅಲ್ಯೂಮಿನಿಯಮ್ ಲಾರಿಗಳನ್ನು ತಾನೇ ಮಾಡಿಕೊಳ್ಳಲು 1940ರ ದಶಕದಲ್ಲಿ ಫ್ರೈಟ್‌ಲೈನರ್ ಎಂಬ ಸಂಸ್ಥೆಯನ್ನೇ ಹುಟ್ಟಿಸಿತು. ಹೀಗಿರುವಲ್ಲಿ 1982ರಲ್ಲಿ ಅಲ್ಲಿಯ ಕೇಂದ್ರ ಸರ್ಕಾರ ಹೊಸ ಕಾಯಿದೆಯನ್ನು ಮಾಡಿತು. ದೊಡ್ಡ ಹೆದ್ದಾರಿಗಳಲ್ಲಿ ಇನ್ನು ಮೇಲೆ ಅಳೆಯಬೇಕಾದದ್ದು ಟ್ರೇಲರಿನ ಉದ್ದವನ್ನು ಮಾತ್ರ, ಒಟ್ಟು ಉದ್ದವನ್ನಲ್ಲ ಎಂದಿತು. ಮೂಗಿಗೆ ಕೊಡುತ್ತಿದ್ದ ಬಾಡಿಗೆ ಒಂದೇ ದಿನದಲ್ಲಿ ಮಾಫಾದಂತಾಯಿತು. ಡ್ರೈವರುಗಳು ಮೂಗನ್ನು ಬೇಡಿದರು, ಯಜಮಾನರು ಕೊಟ್ಟರು. ಕೆಲವೇ ವರ್ಷಗಳಲ್ಲಿ ಮೂಗಿಲ್ಲದ ದೊಡ್ಡ ಲಾರಿಗಳು ಅಲ್ಲಿಯ ದೂರದ ಹಾದಿಗಳಿಂದ ಬಹುಮಟ್ಟಿಗೆ ಮಾಯವಾದವು. ಫ್ರೈಟ್‌ಲೈನರ್‌ನವರು ತಮ್ಮ ಕೊನೆಯ ಅಂಥ ಮಾದರಿಯನ್ನು 2006ರಲ್ಲಿ ಅಮೆರಿಕಾದ ಪೇಟೆಯಿಂದ ತೆಗೆದುಬಿಟ್ಟರು.

ಯೂರೋಪಿನಲ್ಲಿ ಮಾತ್ರ ಒಟ್ಟು ಉದ್ದದ ಕಟ್ಟು ಹಾಗೆಯೇ ಉಳಿಯಿತು. 1996ರ ನಿಯಮದಂತೆ ಎಳೆಯುವ ಲಾರಿಯೂ ಟ್ರೇಲರೂ ಸೇರಿ 16.5 ಮೀಟರು. ಅಲ್ಲಿ ವಾಡಿಕೆಯ ಟ್ರೇಲರು 13.6 ಮೀಟರು, ಉಳಿದದ್ದರಲ್ಲಿ ಡ್ರೈವರು ಕೂರಬೇಕು, ಮಲಗಬೇಕು, ಎಂಜಿನ್ನು ಇರಬೇಕು. ಮೂಗಿಗೆ ಎಡೆಯೆಲ್ಲಿ? ಅಮೆರಿಕಾದಲ್ಲಿ ಈಗ ಸಾಮಾನ್ಯವಾಗಿರುವ 53 ಅಡಿಯ ಟ್ರೇಲರೊಂದೇ 16 ಮೀಟರಿಗಿಂತ ಉದ್ದ. ಎಂದರೆ ಯೂರೋಪಿನ ಇಡೀ ಬಂಡಿಗೆ ಅದು ಹೆಚ್ಚು ಕಡಮೆ ಸಮ. ಹೀಗೆ ಎರಡು ಖಂಡಗಳ ಲಾರಿಗಳು ಅಣ್ಣತಮ್ಮಂದಿರಾಗಿದ್ದೂ ಮುಖದಲ್ಲಿ ಬೇರೆ ಬೇರೆಯಾದವು.

ಇದರಲ್ಲಿ ನಗೆ ತರುವ ಸಂಗತಿಯೂ ಒಂದಿದೆ. 1981ರಲ್ಲಿ ಜರ್ಮನಿಯ ಡೈಮ್ಲರ್ ಕಂಪನಿ ಫ್ರೈಟ್‌ಲೈನರನ್ನು ಕೊಂಡಿತು. ಅದೇ ವರ್ಷ ಸ್ವೀಡನ್ನಿನ ವೋಲ್ವೋ ಕಂಪನಿ ಅಮೆರಿಕಾದ ವೈಟ್ ಕಂಪನಿಯ ಲಾರಿ ವ್ಯವಹಾರವನ್ನು ಕೊಂಡಿತು. ತಮ್ಮ ನಾಡಿನ ಮೂಗಿಲ್ಲದ ಲಾರಿಗಳನ್ನು ಅಮೆರಿಕಾದಲ್ಲಿ ಮಾರುವ ಪ್ರಯತ್ನವನ್ನು ಯೂರೋಪಿನವರು ಮಾಡದೆ ಇರಲಿಲ್ಲ. ಊರೊಳಗೆ ತಿರುಗುವ ಸಣ್ಣ ಲಾರಿಗಳು ಒಂದಿಷ್ಟು ಹೋದವು. ದೂರ ಪ್ರಯಾಣದ ದೊಡ್ಡವು ಬೇರೂರಲಿಲ್ಲ. ಕೊನೆಗೆ ವೋಲ್ವೋದವರು 1996ರಲ್ಲಿ ಅಮೆರಿಕಾದವರಿಗಾಗಿಯೇ ಉದ್ದ ಮೂಗಿನ ಲಾರಿಯೊಂದನ್ನು ಹೊರತಂದರು. ತಮ್ಮ ಮನೆಯಲ್ಲಿ ಮೂಗಿಲ್ಲದ್ದನ್ನು ಮಾಡುವವರು ಪರರ ಮನೆಯಲ್ಲಿ ಮೂಗಿನದನ್ನು ಮಾಡಿದರು. ನೆಂಟರ ಮನೆಗೆ ಹೋದವನು ಅಲ್ಲಿಯ ಸಾರನ್ನೇ ಉಣ್ಣಬೇಕಲ್ಲವೆ?

ಆ ಕಂಪನಿಯೇ ಅದೇ ಕಾಲದಲ್ಲಿ ನಮ್ಮಲ್ಲಿಗೂ ಬಂತು. ಬೆಂಗಳೂರಿನ ಪೂರ್ವಕ್ಕಿರುವ ಹೊಸಕೋಟೆಯ ಬಳಿ ಕಾರ್ಖಾನೆ ಕಟ್ಟಿ 1998ರಲ್ಲಿ ಲಾರಿಗಳನ್ನು ಹೊರಬಿಟ್ಟಿತು. ನಮಗೆ ತಂದದ್ದು ಅಮೆರಿಕಾದ ಮೂಗಿನ ಮಾದರಿಯನ್ನಲ್ಲ, ಯೂರೋಪಿನ ಮೂಗಿಲ್ಲದ ‘ಎಫ್.ಎಚ್. 12’ ಎಂಬುದನ್ನು. ಹನ್ನೆರಡು ಲೀಟರಿನ ಎಂಜಿನ್ನು. ನಾಲ್ಕು ನೂರರ ಆಸುಪಾಸಿನ ಅಶ್ವಶಕ್ತಿ. ನಮ್ಮ ಆಗಿನ ಸಾಮಾನ್ಯ ಲಾರಿಯ ಶಕ್ತಿ ನೂರ ಮೂವತ್ತು. ಶಿರಾ ಹೆದ್ದಾರಿಯಲ್ಲಿ ಅಂಥದೊಂದು ನಿಂತಿದ್ದರೆ ಅದರ ಸುತ್ತ ಜಾತ್ರೆಯಂತೆ ಜನ ಸೇರುತ್ತಿದ್ದರು. ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು, ಸೀಟು ಗಾಳಿಯ ಮೇಲೆ ತೇಲುತ್ತದೆ, ಹಿಂದೆ ಹಾಸಿಗೆ, ತಂಪು ಗಾಳಿ. ರಿಪೇರಿಗೆಂದು ಕ್ಯಾಬಿನ್ನನ್ನು ಇಡಿಯಾಗಿ ಮುಂದಕ್ಕೆ ಬಗ್ಗಿಸಿದರೆ ಎಂಜಿನ್ನು ಕೆಳಗೆ ತೆರೆದುಕೊಳ್ಳುತ್ತದೆ. ಅಷ್ಟು ದೊಡ್ಡ ಲಾರಿ ಹಾಗೆ ತಲೆಬಾಗಿದ್ದನ್ನು ನೋಡಿ ನಮ್ಮ ಊರಿನ ಹಿರಿಯರೊಬ್ಬರು, “ಪರವಾಗಿಲ್ಲ, ವಿನಯ ಐತೆ” ಎಂದರು.

ವಿನಯವಿದ್ದರೂ ವ್ಯಾಪಾರ ಆಗಲಿಲ್ಲ. ಎಂದರೆ ಸಾಮಾನ್ಯ ಸರಕಿನ ಸಾಗಣೆಯಲ್ಲಿ ಆಗಲಿಲ್ಲ. ಕಾರಣಗಳು ಗೂಢವಲ್ಲ. ಬೆಲೆ ನಮ್ಮ ಲಾರಿಯ ಹಲವು ಪಟ್ಟು. ರಸ್ತೆ ಇನ್ನೂ ಎರಡು ಬಂಡಿಗಳ ಅಗಲದ್ದು. ಸುವರ್ಣ ಚತುರ್ಭುಜದ ಯೋಜನೆಗೆ ಶಂಕುಸ್ಥಾಪನೆಯಾದದ್ದೇ 1999ರಲ್ಲಿ. ನೂರು ಕಿಲೋಮೀಟರು ವೇಗದಲ್ಲಿ ಓಡಬಲ್ಲ ಲಾರಿ ಎತ್ತಿನ ಗಾಡಿಯ ಹಿಂದೆ ಕಾಯುತ್ತಿದ್ದರೆ ಅದರ ನಾಲ್ಕು ನೂರು ಕುದುರೆಗಳಿಂದ ಏನು ಪ್ರಯೋಜನ? ಇದಕ್ಕಿಂತ ದೊಡ್ಡ ಕಾರಣ ಹೊರೆಯದು. ಕಾಯಿದೆಯ ಮಿತಿಯಷ್ಟೇ ಹೇರಿದರೆ ಹೊಸ ಲಾರಿ ಲಾಭ ತರಬಲ್ಲದು. ಆದರೆ ಮಿತಿಗಿಂತ ಎಷ್ಟೋ ಹೆಚ್ಚು ಹೇರಿಕೊಂಡು ನರಳುತ್ತ ಹೋಗುವ ಅಗ್ಗದ ಲಾರಿ ಪಕ್ಕದಲ್ಲಿರುವಾಗ, ನಿಯಮದಂತೆ ನಡೆಯುವವನಿಗೆ ಬಾಡಿಗೆ ಗಿಟ್ಟುವುದಿಲ್ಲ. ಹೆಚ್ಚುವರಿ ಹೊರೆಗೆ ದಂಡ ಕಟ್ಟಿಸಿಕೊಂಡು ಮುಂದೆ ಬಿಡುವ ಪದ್ಧತಿ ಕೂಡದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2005ರ ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ಆ ಪರದೇಶದ ಲಾರಿ ತನಗೆ ತಕ್ಕ ಕೆಲಸವನ್ನು ಬೇರೆ ಕಡೆ ಹುಡುಕಿಕೊಂಡಿತ್ತು. ಗಣಿಗಳಲ್ಲಿ ಬಂಡೆ ಮಣ್ಣು ಹೊರುವುದು, ಗಾಳಿಯಂತ್ರದ ರೆಕ್ಕೆ, ವಿದ್ಯುತ್ತಿನ ದೊಡ್ಡ ಟ್ರಾನ್ಸ್‌ಫಾರ್ಮರು ಮುಂತಾದ ಅಸಾಧ್ಯ ಭಾರಗಳನ್ನು ಎಳೆಯುವುದು ಅದರ ಪಾಲಿಗೆ ಬಂದವು.

ಅದೇ ಕಂಪನಿಯ ಬಸ್ಸು 2001ರಲ್ಲಿ ಬಂತು. ಅದರ ಭಾಗ್ಯವೇ ಬೇರೆ. ಲಾರಿಯ ಯಜಮಾನನಿಗೆ ಡ್ರೈವರಿನ ಸೊಂಟ ಲೆಕ್ಕಕ್ಕಿಲ್ಲದಿರಬಹುದು. ಬಸ್ಸಿನಲ್ಲಿ ಸೊಂಟವೇ ಗಿರಾಕಿ. ಸುಖವಾಗಿ ಕುಳಿತು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗಲು ಹೆಚ್ಚಿನ ಟಿಕೆಟ್ಟು ಕೊಡುವವರಿದ್ದರು. ಸರ್ಕಾರದ ಸಾರಿಗೆ ಸಂಸ್ಥೆ ಅದಕ್ಕೆ ‘ಐರಾವತ’ವೆಂದು ಹೆಸರಿಟ್ಟರೂ ಜನರ ಬಾಯಲ್ಲಿ ಅದು ‘ವೋಲ್ವೋ’. ಯಾವ ಕಂಪನಿ ಮಾಡಿದ್ದಾದರೂ ತಂಪಾದ ದೊಡ್ಡ ಬಸ್ಸಿಗೆ ಈಗ ಅದೇ ಹೆಸರು. ಸ್ವೀಡನ್ನಿನ ಒಂದು ಮಾತು ಹೀಗೆ ಕನ್ನಡದ ನಾಮಪದವಾಯಿತು. ಲಾರಿಗೆ ಈ ಗೌರವ ಲಭಿಸಲಿಲ್ಲ.

ಆದರೆ ಲಾರಿಯ ಮುಖ ಉಳಿಯಿತು. ಇದೇ ನನಗೆ ಮುಖ್ಯವಾಗಿ ತೋರುವ ವಿಷಯ. ಅದಕ್ಕೆ ಮುಂಚೆಯೇ, 1980ರ ದಶಕದಲ್ಲಿ, ಜಪಾನಿನ ಕಂಪನಿಗಳ ಜೊತೆಯಲ್ಲಿ ತಯಾರಾದ ಸಣ್ಣ ಲಾರಿಗಳು ಚಪ್ಪಟೆ ಮುಖ ಹೊತ್ತು ಬಂದಿದ್ದವು. 1990ರ ದಶಕದಲ್ಲಿ ಅಶೋಕ್ ಲೇಲೆಂಡಿನವರು ಯೂರೋಪಿನ ‘ಕಾರ್ಗೋ’ ಮಾದರಿಯನ್ನು ಹೊಸೂರಿನಲ್ಲಿ ಮಾಡಿದರು. 2008ರಲ್ಲಿ ವೋಲ್ವೋ ನಮ್ಮ ಐಷರ್ ಕಂಪನಿಯೊಡನೆ ಪಾಲುಗಾರಿಕೆಗೆ ಸೇರಿತು. 2009ರಲ್ಲಿ ಟಾಟಾದವರ ‘ಪ್ರೈಮಾ’ ಬಂತು. 2012ರಲ್ಲಿ ಡೈಮ್ಲರ್‌ನವರು ಚೆನ್ನೈ ಬಳಿಯಲ್ಲಿ ‘ಭಾರತ್‌ಬೆಂಜ್’ ಎಂಬ ಹೆಸರಿನಿಂದ ಇಲ್ಲಿಯ ಬೆಲೆಗೆ ಇಲ್ಲಿಯ ರಸ್ತೆಗೆ ತಕ್ಕಂತೆ ಲಾರಿ ಮಾಡತೊಡಗಿದರು. ಪರದೇಶದ ಲಾರಿಯನ್ನು ಇದ್ದಂತೆಯೇ ತಂದಾಗ ಹಿಡಿಯದಿದ್ದದ್ದು, ಬೆಲೆಯನ್ನು ಇಳಿಸಿ, ಪಟ್ಟಿಗಳನ್ನು ಬಲಪಡಿಸಿ, ಬಿಡಿಭಾಗಗಳನ್ನು ಇಲ್ಲಿಯೇ ಮಾಡಿ ಕೊಟ್ಟಾಗ ಹಿಡಿಯಿತು. ಈಗ ಹೆದ್ದಾರಿಯಲ್ಲಿ ಕಾಣುವ ಹೊಸ ಲಾರಿಗಳಲ್ಲಿ ಮೂಗಿನದು ಅಪರೂಪ.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ನಾವು ಬಹುಕಾಲ ಯೂರೋಪಿನಿಂದ ಮೂಗಿಲ್ಲದಿರುವಿಕೆಯನ್ನು ಮಾತ್ರ ತೆಗೆದುಕೊಂಡೆವು. ಅದರ ಜೊತೆಗಿರಬೇಕಾದದ್ದನ್ನು ಬಿಟ್ಟೆವು. ಸ್ವೀಡನ್ನಿನಂಥ ದೇಶಗಳಲ್ಲಿ ಮೂಗನ್ನು ತೆಗೆದವರು ಆ ಸಾಲವನ್ನು ಬೇರೆ ರೀತಿಯಲ್ಲಿ ತೀರಿಸಿದರು: ಉಕ್ಕಿನ ಗಟ್ಟಿ ಕ್ಯಾಬಿನ್ನು, ಅದನ್ನು ಗುದ್ದಿಸಿ ಪರೀಕ್ಷೆ ಮಾಡುವ ನಿಯಮ, ಬಿಸಿಯನ್ನು ತಡೆಯುವ ಹೊದಿಕೆ, ಕ್ಯಾಬಿನ್ನಿಗೇ ಬೇರೆ ಸ್ಪ್ರಿಂಗು. ನಮ್ಮಲ್ಲಿ ಕಂಪನಿಯಿಂದ ಬರುತ್ತಿದ್ದದ್ದು ಎಷ್ಟೋ ಸಲ ಚಾಸಿ, ಎಂಜಿನ್ನು, ಮುಂದೊಂದು ತಗಡಿನ ಮುಖ ಇಷ್ಟೇ. ಅದಕ್ಕೆ ಷೆಡ್ಡಿನ ಬಡಗಿ ಮರದ ಚೌಕಟ್ಟು ಕಟ್ಟಿ, ತಗಡು ಹೊಡೆದು, ಮೇಲೆ ನವಿಲನ್ನೂ ತಾವರೆಯನ್ನೂ ಬರೆಸುತ್ತಿದ್ದ. ಚೆಂದಕ್ಕೆ ಕೊರತೆಯಿರಲಿಲ್ಲ. ಆದರೆ ಮೂಗೂ ಇಲ್ಲದೆ ಉಕ್ಕೂ ಇಲ್ಲದೆ, ಎದುರಿನ ಲಾರಿಗೂ ಡ್ರೈವರಿನ ಮಂಡಿಗೂ ನಡುವೆ ಇದ್ದದ್ದು ಒಂದು ಹಾಳೆ ತಗಡು ಮತ್ತು ದೇವರ ಪಟ.

ಈ ಸೂಕ್ಷ್ಮ ನಮ್ಮ ಮನೆಯ ಜಗಲಿಗೇ ಬಂದದ್ದು 2014ರಲ್ಲಿ. ನನ್ನ ಅಣ್ಣನ ಮಗನಿಗೆ ಮೊಂಡುಮೂಗಿನ ಹಳೆಯ ಲಾರಿಯೊಂದಿತ್ತು. ಅದನ್ನು ಮಾರಿ, ಯೂರೋಪಿನ ತರಹದ ಹೊಸ ಲಾರಿಯನ್ನು ಸಾಲದ ಮೇಲೆ ಕೊಳ್ಳುವುದಾಗಿ ಅವನು ಹೇಳಿದ. ಬೆಲೆ ಹಳೆಯ ಬಗೆಯದಕ್ಕಿಂತ ಹಲವು ಲಕ್ಷ ಹೆಚ್ಚು. ಮೂರು ಎಕರೆ ಕಡಲೆಕಾಯಿಯ ಹೊಲ ಅಡವಿಗೆ ಹೋಗಬೇಕು. ಅಣ್ಣ ಕಾಲವಾಗಿದ್ದರಿಂದ ಅತ್ತಿಗೆಯವರ ಒಪ್ಪಿಗೆಯೇ ಮುಖ್ಯ. ಅವರು ಲಾರಿಯ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಲಾರಿ ಅಂದಮೇಲೆ ಮುಂದೆ ಒಂದಿಷ್ಟು ಬಾನೆಟ್ಟಿರಬೇಕಪ್ಪ. ಇದರ ಮುಂದೆ ಏನೈತೆ? ಗಾಜು ಐತೆ. ಗಾಜಿನ ಹಿಂದೆ ಮನುಷ್ಯ ಅವ್ನೆ.”

“ಓಡ್ಸೋನು ನಾನಲ್ಲ ಕಣಮ್ಮ, ಡ್ರೈವರಣ್ಣ” ಎಂದ ಮಗ.

“ಅವನೂ ಒಬ್ಬ ತಾಯಿ ಮಗನೇ ಅಲ್ವೇನೋ?” ಎಂದರು ಅತ್ತಿಗೆ.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಮೇಲೆ ಬರೆದ ಮೀಟರುಗಳ ಲೆಕ್ಕವನ್ನು ಅವರ ಮುಂದೆ ಇಡುವುದು ಆ ಹೊತ್ತಿಗೆ ಯೋಗ್ಯವೆಂದು ತೋರಲಿಲ್ಲ. ಉತ್ತರ ಕೊಟ್ಟವನು ಜಗಲಿಯ ಕೆಳಗೆ ಕುಳಿತಿದ್ದ ಡ್ರೈವರೇ. ಇಪ್ಪತ್ತು ವರ್ಷ ನಮ್ಮ ಲಾರಿಯನ್ನೇ ಓಡಿಸಿದವನು. ಸೊಂಟದ ನೋವಿಗೆ ಚರ್ಮದ ಪಟ್ಟಿಯನ್ನು ಬಿಗಿದುಕೊಳ್ಳುತ್ತಿದ್ದ. “ಗುದ್ದೋದು ಯಾವತ್ತೋ ಒಂದಿನ ಅವ್ವಾ, ದೇವರು ಮುನಿದ್ರೆ. ಸೊಂಟ ನೋಯೋದು ದಿನಾ. ಈ ಗಾಡೀಲಿ ಕುಂತು ನೋಡ್ದೆ. ಬಿಸಿ ಇಲ್ಲ, ಕುಲುಕಾಟ ಇಲ್ಲ. ಇದಾದ್ರೆ ಇನ್ನೊಂದು ಹತ್ತು ವರ್ಷ ದುಡೀತೀನಿ” ಎಂದ. ಅತ್ತಿಗೆ ಅವನ ಮುಖವನ್ನೂ, ಪಟ್ಟಿಯನ್ನೂ ನೋಡಿ ಒಳಗೆ ಹೋದರು. ಮರುದಿನ ಪತ್ರಕ್ಕೆ ಹೆಬ್ಬೆಟ್ಟೊತ್ತಿದರು.

ಮುಂದಿನ ಕಥೆ ಹಾಲು ಸಕ್ಕರೆಯಲ್ಲ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ 'ಮೂಗಿಲ್ಲದ' ಲಾರಿಗೇ ಹೆಚ್ಚು ಸಲ್ಲುತ್ತದೆಂಬುದನ್ನು ಕಂತುಗಳು ತೋರಿಸಿಕೊಟ್ಟವು. ಹಳೆಯ ಲಾರಿ ಕೆಟ್ಟರೆ ಶಿರಾದಲ್ಲಿಯೇ, ಸುತ್ತಿಗೆ ಸ್ಪಾನರು ಹಿಡಿದ ಯಾವ ಮಿಸ್ತ್ರಿಯಾದರೂ ಸಂಜೆಯೊಳಗೆ ಓಡುವಂತೆ ಮಾಡುತ್ತಿದ್ದ. ಹೊಸದು ಒಮ್ಮೆ, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಬಿಡಿಭಾಗ ಬಾರದೆ ಹತ್ತೊಂಬತ್ತು ದಿನ ನಿಂತಿತು. ಮಿಸ್ತ್ರಿಗಳು ಸುತ್ತ ನಿಂತು ನೋಡಿದರೇ ಹೊರತು ಕೈ ಹಾಕಲಿಲ್ಲ. ಲಾರಿ ನಿಂತರೂ ಕಂತು ನಿಲ್ಲುವುದಿಲ್ಲ. ಸೊಸೆಯ ಬಳೆಗಳು ಅಡವಿಗೆ ಹೋದವು. 2018ರಲ್ಲಿ ಸರ್ಕಾರ ಅಚ್ಚಿನ ಮೇಲಿನ ಭಾರದ ಮಿತಿಯನ್ನು ಏರಿಸಿತು; ನಾಲ್ಕು ಚಕ್ರದ ಒಂಟಿ ಅಚ್ಚಿಗೆ 10.2 ಟನ್ನು ಇದ್ದದ್ದು 11.5 ಆಯಿತು. ಲಾರಿಗಳು ಹೊರುವ ಶಕ್ತಿ ಕಾಗದದ ಮೇಲೆ ಹೆಚ್ಚಿತು, ಹೊರಬೇಕಾದ ಸರಕು ಅಷ್ಟರಲ್ಲೇ ಹೆಚ್ಚಲಿಲ್ಲ, ಬಾಡಿಗೆ ಇಳಿಯಿತು. ಆದರೂ ಹುಡುಗ ಹಟ ಬಿಡದೆ ದುಡಿದು ಕೊನೆಯ ಕಂತನ್ನು ಕಟ್ಟಿದ. ಹೊಲದ ಪತ್ರ ಮನೆಗೆ ಬಂತು. ಬಳೆಗಳಲ್ಲಿ ಎರಡು ಬಂದವು, ಎರಡು ಬರಲಿಲ್ಲ.

ಡ್ರೈವರು ಹತ್ತು ವರ್ಷವೆಂದವನು ಎಂಟು ವರ್ಷ ದುಡಿದು ಬಿಟ್ಟ. ಸೊಂಟದ ಪಟ್ಟಿ ಕೊನೆಯವರೆಗೂ ಇತ್ತು. ಹಿಂದಿನ ಇಪ್ಪತ್ತು ವರ್ಷಗಳ ನೋವನ್ನು ಯಾವ ಸೀಟೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅವನು ಪಂಚೆಯನ್ನು ಮೇಲಕ್ಕೆ ಕಟ್ಟಿ ನಮ್ಮ ಅಂಗಳದಲ್ಲಿ ನಿಂತಾಗ ನಾನು ಕಂಡದ್ದೆಂದರೆ ಅವನ ಎಡಗಾಲೂ ಬಲಗಾಲೂ ಒಂದೇ ಬಣ್ಣಕ್ಕೆ ಬಂದಿದ್ದವು. ಅತ್ತಿಗೆಯವರ ಭಯವೂ ಸುಳ್ಳೆಂದು ಹೇಳುವಂತಿಲ್ಲ. ಅದು ನಿಜವಾಗುವ ಸಂದರ್ಭ ಬರಲಿಲ್ಲ, ಅಷ್ಟೇ. ಅವನ ಮಗ ಮಾತ್ರ ಲಾರಿ ಹತ್ತಲು ಒಪ್ಪಲಿಲ್ಲ. ಯಾವ ಮುಖದ ಲಾರಿಯಾದರೂ ಬೇಡವೆಂದು ತುಮಕೂರಿಗೆ ಹೋಗಿ ಕಾರ್ಖಾನೆ ಸೇರಿದ. ಈಗ ನಮ್ಮ ಸೀಮೆಯಲ್ಲಿ ಲಾರಿಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಡ್ರೈವರುಗಳಿಗೆ.

ಇದನ್ನೆಲ್ಲ ನೆನೆದಾಗ ನನಗೆ ಅನ್ನಿಸುವುದಿಷ್ಟು. ಲಾರಿಯ ಮುಖವನ್ನು ತಿದ್ದಿದವರು ಹಲವರು. ಯೂರೋಪಿನಲ್ಲಿ ಉದ್ದ ಅಳೆಯುವವರು ತಿದ್ದಿದರು. ಅಮೆರಿಕಾದಲ್ಲಿ ಆ ಅಳತೆಯನ್ನು ಬಿಟ್ಟವರು ತಿದ್ದಿದರು. ನಮ್ಮಲ್ಲಿ ಚೀಲ ಎಣಿಸುವವರು ತಿದ್ದಿದರು. ಎಲ್ಲ ಕಡೆಯಲ್ಲಿಯೂ ಕೊನೆಗೆ ಕೇಳಿಸಿಕೊಂಡವನು ಒಳಗೆ ಕುಳಿತವನು. ಅಮೆರಿಕಾದ ಡ್ರೈವರಿಗೆ ಮೂಗು ಸಿಕ್ಕಿದ್ದು ಕಾಯಿದೆ ಬದಲಾದಾಗ. ನಮ್ಮ ಡ್ರೈವರಿಗೆ ತಂಪು ಗಾಳಿ ಸಿಗುತ್ತಿರುವುದೂ ಹಾಗೆಯೇ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವಿರಲೇಬೇಕೆಂದು ನಿಯಮವಾಗಿದೆ. ಮೂಗಿರಬೇಕೋ ಬೇಡವೋ ಎಂಬ ಜಿಜ್ಞಾಸೆಯನ್ನು ಎಂಜಿನಿಯರುಗಳು ಮಾಡಿಕೊಳ್ಳಲಿ. ಪರದೇಶದ ಯಾವ ವಸ್ತುವನ್ನಾದರೂ ತರುವಾಗ ಅದರ ಆಕಾರವನ್ನು ಮಾತ್ರ ತಾರದೆ, ಆ ಆಕಾರ ತನ್ನ ಮನುಷ್ಯನಿಗೆ ತೀರಿಸಿದ ಸಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದಷ್ಟೇ ನನ್ನ ಅಭಿಪ್ರಾಯ. ನಮ್ಮ ಮಾವನವರ ಎಡಗಾಲನ್ನು ತಿಕ್ಕಿದ ಕೈಗೆ ಆ ಲೆಕ್ಕ ಯಾವ ಕಂಪನಿಗಿಂತ ಮೊದಲೇ ತಿಳಿದಿತ್ತು.